ತಿನ್ನಲು ಯೋಗ್ಯ

ಮನೆಯಲ್ಲಿ ಕುಟ್ಟಾಣಿ ಇದ್ದೂ ಮೊಹರಿನ ಹಿಡಿಯಿಂದ ಬೆಳ್ಳುಳ್ಳಿ ಜಜ್ಜುವ ಗಂಡಸು ಲೋಕದಲ್ಲಿ ಒಬ್ಬನೇ ಇದ್ದ. ಅವನೇ ಸಾತೂರ್ಯೊ. ಪಲೆನ್ಸಿಯಾ ಬಯಲಿನಲ್ಲಿ, ಸಾಂತಿಯಾಗೊ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರ ದಾರಿಗೇ ಬಾಗಿಲಿಟ್ಟಿದ್ದ ಹೋಟೆಲು ಅವನದು. ಯಾತ್ರಿಕರು ದಾರಿಯುದ್ದಕ್ಕೂ ತಮ್ಮ ಯಾತ್ರೆಯ ಗುರುತಿನ ಪುಸ್ತಕಕ್ಕೆ ಮೊಹರು ಹಾಕಿಸಿಕೊಳ್ಳುತ್ತಾ ನಡೆಯುತ್ತಾರೆ. ಮೊಹರಿಲ್ಲದ ಹೋಟೆಲಿನಲ್ಲಿ ಅಮೃತ ಕೊಟ್ಟರೂ ಕೂರುವುದಿಲ್ಲ.

ಆವತ್ತು ಬೆಳಿಗ್ಗೆ ಮೊಹರೇ ಕಾಣಲಿಲ್ಲ.

"ಲೇ ದೊಮಿತಿಲಾ, ಮೊಹರು ಎಲ್ಲಿಟ್ಟೆ?" ಎಂದು ಹೆಂಡತಿಯನ್ನು ಕೇಳಿದ.

"ನಾನ್ಯಾಕೆ ಮುಟ್ಲಿ? ಬೆಳಿಗ್ಗೆ ಸಾರಿಗೆ ಬೆಳ್ಳುಳ್ಳಿ ಜಜ್ಜಿದ್ದು ನೀವೇ ತಾನೆ? ಇವತ್ತು ಆ ಇಚಾಸೊ ಬರ್ತಾಳೆ, ನೆನಪಿದ್ಯಾ?"

ನೆನಪಿಲ್ಲದೆ ಏನು? ಮೂರು ರಾತ್ರಿಯಿಂದ ಅವನಿಗೆ ಅದೇ ಚಿಂತೆ. ಈ ದಾರಿಯಲ್ಲಿ ಎಲ್ಲಿ ಊಟ ಚೆನ್ನಾಗಿದೆ ಎಂದು ಪಟ್ಟಿ ಬರೆಯುವವಳು ಇಚಾಸೊ. ಹೋಟೆಲಿನ ಹೆಸರಿನ ಪಕ್ಕ ಅದರ ಮೊಹರನ್ನೂ ಅಚ್ಚು ಹಾಕುತ್ತಾಳೆ. ನಡೆಯುವವರೆಲ್ಲ ಫೋನಿನಲ್ಲಿ ಅದನ್ನು ನೋಡಿಯೇ ಹಸಿಯುವುದು. ಈ ಸಲವೂ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಹೋಟೆಲಿಗೆ ಬೀಗ ಜಡಿದು ಬಿಲ್ಬಾವೊದಲ್ಲಿರುವ ತನ್ನ ತಮ್ಮನ ಮೀನಂಗಡಿಗೆ ಹೋಗುವುದೇ ಸೈ ಎಂದು ದೊಮಿತಿಲಾ ಆಣೆ ಮಾಡಿದ್ದಳು. ಮೀನಿನ ವಾಸನೆಗೆ ಸಾತೂರ್ಯೊನಿಗೆ ಓಕರಿಕೆ.

ಡ್ರಾಯರು ಕೆಡವಿದ. ಬ್ರೆಡ್ಡಿನ ಚೀಲ ಝಾಡಿಸಿದ. ಬೆಕ್ಕನ್ನೂ ಎತ್ತಿ ಅಡಿಯಲ್ಲಿ ನೋಡಿದ. ಅಷ್ಟರಲ್ಲಿ ಹನ್ನೊಂದು ಮಂದಿ ಯಾತ್ರಿಕರು ಬಂದು, ಪುಸ್ತಕ ಚಾಚಿ, ಮೊಹರಿಲ್ಲವೆಂದು ತಿಳಿದು, ಎದುರಿನ ಬೆನಿಗ್ನಾಳ ಹೋಟೆಲಿಗೆ ನಡೆದರು. ಬೆನಿಗ್ನಾ ಬಾಗಿಲಲ್ಲೇ ನಿಂತಿದ್ದಳು, ಹಾಲು ಕುಡಿದ ಬೆಕ್ಕಿನಂತೆ.

"ಏನಪ್ಪಾ ಸಾತೂರ್ಯೊ, ನಿನ್ನ ಗಿರಾಕಿಗಳೆಲ್ಲ ದಾರಿ ತಪ್ಪಿ ನನ್ನ ಕಡೆ ಬರ್ತಿದಾರಲ್ಲೋ!"

ಊರಿನ ದನದ ಡಾಕ್ಟರು ಲಿಯೊನ್ಸಿಯೊ ಆ ಹೊತ್ತಿಗೆ ಒಳಗೆ ಬಂದ. ಪುಕ್ಕಟೆ ಮೊಟ್ಟೆ ತಿನ್ನುತ್ತಾ ಕತೆಯೆಲ್ಲ ಕೇಳಿ, ಚೀಲದಿಂದ ತನ್ನದೇ ಮೊಹರು ತೆಗೆದು ಮೇಜಿನ ಮೇಲೆ ಕುಕ್ಕಿದ.

"ತಗೋ. ಹಂದಿ ಕಡಿದಾಗ ಮಾಂಸಕ್ಕೆ ಒತ್ತೋದು."

ಸಾತೂರ್ಯೊ ಓದಿದ: 'ಹಂದಿ. ಪರೀಕ್ಷಿಸಲಾಗಿದೆ. ತಿನ್ನಲು ಯೋಗ್ಯ.'

"ಅಯ್ಯೋ, ದೇವರನ್ನ ನೋಡೋಕೆ ಹೊರಟೋರಿಗೆ ಇದನ್ನ ಒತ್ತೋದಾ?"

"ಗುಂಡಗಿದೆ, ಕಡುನೀಲಿ ಶಾಯಿ ಇದೆ. ಪರದೇಶದೋರು, ಯಾರು ಓದ್ತಾರೆ ಬಿಡೋ ಮಾರಾಯ. ಇನ್ನೊಂದು ಮೊಟ್ಟೆ ಹಾಕು."

"ಇಚಾಸೊ ಪರದೇಶದೋಳಲ್ಲ ಕಣೋ! ಓದ್ತಾಳೆ!"

"ಹಂಗಾದ್ರೆ ಅವಳಿಗೆ ಒತ್ತೋವಾಗ ಸ್ವಲ್ಪ ಕೈ ಜಾರಿಸಿ ಮಸಕು ಮಾಡು. ಅದೂ ನಾನೇ ಹೇಳ್ಕೊಡ್ಬೇಕಾ?"

ಒಂದೂವರೆಗೆ ಇಚಾಸೊ ಬಂದಳು. ಕೆಂಪು ಟೋಪಿ, ಬೂಟಿನ ತುಂಬ ಧೂಳು. ಬಂದವಳೇ ಪುಸ್ತಕ ಚಾಚಿದಳು. "ಮೊದಲು ಮೊಹರು ಹಾಕಿ, ಆಮೇಲೆ ಊಟ."

ಸಾತೂರ್ಯೊ ಹಂದಿ ಮೊಹರು ಎತ್ತಿಕೊಂಡ. ಜಾರಿಸಬೇಕೆಂದೇ ಒತ್ತಿದ. ಹುಟ್ಟಿದಾಗಿನಿಂದ ಒಂದು ಗೆರೆಯನ್ನೂ ನೆಟ್ಟಗೆ ಎಳೆಯದ ಆ ಕೈ ಆವತ್ತು ಮಾತ್ರ ಕೋರ್ಟಿನ ಗುಮಾಸ್ತನಂತೆ ಒತ್ತಿತು. ಒಂದಕ್ಷರವೂ ಮಾಸಲಿಲ್ಲ. ಇಚಾಸೊ ಓದಿದಳು. ಸಾತೂರ್ಯೊನನ್ನು ನೋಡಿದಳು. ಇನ್ನೊಮ್ಮೆ ಓದಿದಳು.

"ಬೆಳ್ಳುಳ್ಳಿ ಸಾರು ಕೊಡಿ" ಎಂದಳು.

ಕೆಂಪಗಿರಬೇಕಾದ ಸಾರು ಯಾಕೋ ಬದನೆಕಾಯಿ ಬಣ್ಣಕ್ಕಿತ್ತು. ಈ ಸಲದ ಮೆಣಸಿನ ಪುಡಿಯದೇ ದೋಷವಿರಬೇಕು ಎಂದುಕೊಂಡು ದೊಮಿತಿಲಾ ತಳದಿಂದ ಕದಡಿ ಧಾರಾಳವಾಗಿ ಬಡಿಸಿದಳು. ಇಚಾಸೊ ಒಂದು ಚಮಚ ಕುಡಿದಳು. ಇನ್ನೊಂದಕ್ಕೆ ಕೈ ಹಾಕಿದಾಗ ಬಟ್ಟಲಲ್ಲಿ 'ಟಕ್' ಎಂದಿತು. ನೆನೆದ ಬ್ರೆಡ್ಡಿನ ಅಡಿಯಿಂದ ಅವಳು ಮೆಲ್ಲಗೆ ಎತ್ತಿ ತೆಗೆದದ್ದು ಸಾತೂರ್ಯೊನ ಮೊಹರು! ಹಿಡಿಗೆ ಬೆಳ್ಳುಳ್ಳಿ ಸಿಪ್ಪೆ ಮೆತ್ತಿತ್ತು, ತುದಿಯಿಂದ ಶಾಯಿ ತೊಟ್ಟಿಕ್ಕುತ್ತಿತ್ತು. ಅವಳ ಹಲ್ಲು ಆಗಲೇ ನೇರಳೆಹಣ್ಣು ತಿಂದವರ ಹಲ್ಲಾಗಿತ್ತು.

"ಅದು... ಅದನ್ನೇ ಬೆಳಿಗ್ಗೆಯಿಂದ ಹುಡುಕ್ತಿದ್ವಿ, ತಾಯಿ" ಎಂದ ಸಾತೂರ್ಯೊ.

ಇಚಾಸೊ ಬಾಯಿ ಒರೆಸಿಕೊಂಡು, ಫೋನಿನಲ್ಲಿ ಏನೋ ಬರೆದು, ಚಿತ್ರ ತೆಗೆದು, ರಸ್ತೆ ದಾಟಿ ಬೆನಿಗ್ನಾಳ ಹೋಟೆಲಿಗೆ ಹೋದಳು. ಸಾತೂರ್ಯೊ ಕುರ್ಚಿಯಲ್ಲಿ ಕುಸಿದ. ಮೂಗಿಗೆ ಆಗಲೇ ಮೀನಿನ ವಾಸನೆ ಬಡಿಯಿತು. ದೊಮಿತಿಲಾ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸತೊಡಗಿದಳು.

ಎರಡೂವರೆಗೆ ಹೊರಗೆ ಗದ್ದಲ. ಸಾತೂರ್ಯೊ ಇಣುಕಿದ. ಬಾಗಿಲಿನಿಂದ ಚರ್ಚಿನ ಮೂಲೆಯವರೆಗೆ ಯಾತ್ರಿಕರ ಸಾಲು!

"ಲೇ ದೊಮಿತಿಲಾ, ಪೆಟ್ಟಿಗೆ ಮೇಲಿಡೇ! ಬ್ರೆಡ್ಡು ಕೊಯ್ಯಿ, ಮೇಜು ಒರೆಸು, ಪಟ್ಟಿಗೆ ಹತ್ತಿಬಿಟ್ವಿ!"

ಸಾಲಿನ ಮೊದಲಿನವನು ಬಿಸಿಲಿಗೆ ಮೂಗು ಸುಲಿದ ಜರ್ಮನ್ ಮುದುಕ. ಪುಸ್ತಕ ಚಾಚಿ ಹಲ್ಲು ಕಿರಿದ. "ಹಂದಿ ಮೊಹರು?"

ಒತ್ತಿದ. "ಊಟ?" ಎಂದ ಸಾತೂರ್ಯೊ.

"ಮೊಹರು ಸಾಕು" ಎಂದು ಮುದುಕ ರಸ್ತೆ ದಾಟಿದ. ಎರಡನೆಯವಳೂ ಹಾಗೇ. ಮೂರನೆಯವನೂ ಹಾಗೇ.

ಇನ್ನೂ ಮೂಲೆಯಲ್ಲೇ ಕೂತಿದ್ದ ಲಿಯೊನ್ಸಿಯೊ ಫೋನು ಕಣ್ಣಿಗೆ ಹತ್ತಿರ ಹಿಡಿದು ಇಚಾಸೊ ಬರೆದದ್ದನ್ನು ಓದಿದ: "'ಇಡೀ ದಾರಿಯಲ್ಲಿ ಇಂಥ ಮೊಹರು ಇನ್ನೊಂದಿಲ್ಲ. ಸಾತೂರ್ಯೊನ ಹತ್ತಿರ ಹಾಕಿಸಿಕೊಳ್ಳದೆ ಮುಂದೆ ಹೋಗಬೇಡಿ. ತಿನ್ನಲು ಯೋಗ್ಯ ನೀವು ಮಾತ್ರ, ಅವನ ಸಾರಲ್ಲ. ಊಟ ಎದುರುಗಡೆ ಮಾಡಿ.'"

ಸಾತೂರ್ಯೊನ ಕೈ ಮೊಹರಿನೊಂದಿಗೆ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಬೆನಿಗ್ನಾ ರಸ್ತೆ ದಾಟಿ ಬಂದು ಅವನ ಬೆನ್ನು ತಟ್ಟಿದಳು.

"ಸ್ವಲ್ಪ ಬೇಗ ಬೇಗ ಒತ್ತಪ್ಪಾ. ಪಾಪ, ಅವರಿಗೆಲ್ಲ ಹಸಿವಾಗಿದೆ. ಅಲ್ಲಿ ನನ್ನ ಅಡುಗೆ ಆರಿ ಹೋಗ್ತಿದೆ."