ನಾಲ್ಕನೆಯ ಇಯತ್ತೆಯ ಕಣ್ಣೀರು

ಸಂಶಯ ನನ್ನ ಹುಟ್ಟುಗುಣ. ಹಾಲು ತೆಳ್ಳಗಿದ್ದರೆ ಹಾಲಿನವಳ ಮೇಲೆ ಸಂಶಯ, ಗಟ್ಟಿಯಾಗಿದ್ದರೆ ಇನ್ನೂ ಹೆಚ್ಚು ಸಂಶಯ. ಇಂಥವನು ಮಕ್ಕಳಿಗೆ ಸಾಹಿತ್ಯ ಕಲಿಸಲು ಹೋಗಲೇಬಾರದಿತ್ತು.

ಏಕೀಕರಣವಾದ ಹೊಸತು. ಲಕ್ಕುಂಡಿಯ ಆಚೆಗಿನ ಒಂದು ಹಳ್ಳಿಯಲ್ಲಿ ನಾನು ನಾಲ್ಕನೆಯ ಇಯತ್ತೆಯ ಮಾಸ್ತರ. ಮರಿಯನ್ನು ಕಳೆದುಕೊಂಡ ಜಿಂಕೆಯ ಮೇಲೆ ನಾನೇ ಒಂದು ಪದ್ಯ ಕಟ್ಟಿದ್ದೆ. ಅದನ್ನು ರಾಗವಾಗಿ ಓದಿದಾಗಲೆಲ್ಲ ಇಡೀ ತರಗತಿ ಅಳುತ್ತಿತ್ತು. ಹಿಗ್ಗಿಹೋಗಿ ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಒಗ್ಗರಣೆ ಹಾಕುತ್ತಲೇ, ಅತ್ತ ಮೇಲೆ ಯಾವ ಪಾಠ ಎಂದು ಕೇಳಿದಳು. ಮನಸ್ಸು ಭಾರವಾಗಿರುತ್ತದಲ್ಲ, ಲೆಕ್ಕದ ತಾಸು ಬಿಟ್ಟು ಆಟಕ್ಕೆ ಕಳಿಸುತ್ತೇನೆ ಎಂದೆ. "ಹಂಗೇನ್ರಿ" ಎಂದಳು, ಅಷ್ಟೇ. ಅಲ್ಲಿಗೆ ನನ್ನ ನೆಮ್ಮದಿ ಹಾಳಾಯಿತು. ಮರುದಿನ ಕಣ್ಣೀರಿನ ಮೂಲ ಹುಡುಕಲು ಮಕ್ಕಳ ಚೀಲಗಳನ್ನೆಲ್ಲ ತಡಕಾಡಿದೆ. ಒಂದೊಂದರಲ್ಲೂ ಉಳ್ಳಾಗಡ್ಡಿ ಸಿಕ್ಕಿತು. ಆದರೆ ನಮ್ಮ ಕಡೆ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಕಟ್ಟಿಕೊಡುವ ತಾಯಿ ಎಲ್ಲಿದ್ದಾಳೆ? ಆರೋಪ ಸಾಬೀತಾಗಲಿಲ್ಲ.

ಅಷ್ಟರಲ್ಲಿ ಮೈಸೂರು ಕಡೆಯ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಗದಗಿಗೆ ನನ್ನ ವರ್ಗಾವಣೆ ಅವರು ಬರೆಯುವ ಶೇರಾದ ಮೇಲೆ ನಿಂತಿತ್ತು. ನನ್ನ ಜಿಂಕೆಯನ್ನೇ ನಂಬಿ ಪದ್ಯ ಶುರುಮಾಡಿದೆ. ಆದರೆ ಹುಟ್ಟುಗುಣ ಬಿಡಬೇಕಲ್ಲ! ಯಾರ ಅಳು ಖರೆ, ಯಾರದು ಸುಳ್ಳು ಎಂದು ಓರೆಗಣ್ಣಿನಿಂದ ಒಂದೊಂದೇ ಮುಖ ನೋಡುತ್ತ ಓದಿದೆ. ಜಿಂಕೆಮರಿ ಸತ್ತಿತು. ಒಂದು ಕಣ್ಣೂ ಒದ್ದೆಯಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಸಾಹೇಬರು ಶೇರಾ ಪುಸ್ತಕದಲ್ಲಿ 'ಪದ್ಯವಾಚನದಲ್ಲಿ ಭಾವ ಸಾಲದು' ಎಂದು ಬರೆದು ಬಸ್ಸು ಹಿಡಿದರು. ಗದಗಿನ ಆಸೆಯೂ ಅದೇ ಬಸ್ಸಿನಲ್ಲಿ ಹೋಯಿತು.

ಸಿಟ್ಟು ನೆತ್ತಿಗೇರಿತ್ತು. ಮುಂದಿನ ಸಾಲಿನ ನೀಲವ್ವನನ್ನು ಎಬ್ಬಿಸಿ, ಇವತ್ತೇ ಏಕೆ ಅಳಲಿಲ್ಲ ಎಂದು ಕೇಳಿದೆ. ಅವಳು ಪಾಟಿಯ ಅಂಚು ಉಜ್ಜುತ್ತ ನಿಧಾನವಾಗಿ ಹೇಳಿದಳು:

"ದಿನಾ ನೀವ ಮೊದಲ ಅಳತಿದ್ರಿ, ಮಾಸ್ತರ. ನಿಮ್ಮನ್ನ ನೋಡಿ ನಮಗ ಕಳ್ಳು ಚುರ್ ಅಂತಿತ್ತು. ಇವತ್ತ ನೀವು ಬರೇ ನಮ್ಮ ಮಾರಿ ನೋಡಾಕ ಹತ್ತಿದ್ರಿ."

ನಾಚಿಕೆಯಿಂದ ನೆಲ ನೋಡಿದೆ. ಇಂಥ ಮಕ್ಕಳ ಚೀಲ ತಡಕಾಡಿದೆನಲ್ಲ ಎಂದು ಕಣ್ಣು ತುಂಬಿತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತೇನೆ, ಎಲ್ಲರ ಪಾಟಿಗಳೂ ಚೀಲ ಸೇರಿದ್ದವು, ನೀಲವ್ವನದೂ. ಲೆಕ್ಕದ ತಾಸು ಬೇಡ ಎಂದು ನಾನಿನ್ನೂ ಹೇಳಿರಲಿಲ್ಲ.