ಹಿಡಿಯಿಲ್ಲದ ಬೀರು

ತೇನಿಯಲ್ಲಿ ನನ್ನದೊಂದು ಬೀರು ಅಂಗಡಿ. ಹಲಗೆಗಳು ಬಿಡಿಬಿಡಿಯಾಗಿ ಡಬ್ಬದಲ್ಲಿ ಬರ್ತವೆ, ಗಿರಾಕಿಯ ಮನೆಗೆ ಹೋಗಿ ಜೋಡಿಸಿಕೊಡ್ತೀವಿ. ಈ ಕಸುಬಿನಲ್ಲಿ ವಾರಕ್ಕೊಬ್ಬರಾದರೂ ನಗೆಪಾಟಲಾಗದೆ ಇರಲ್ಲ. ಇಷ್ಟು ವರ್ಷ ಅದು ಗಿರಾಕಿಗಳ ಪಾಲಿಗಿತ್ತು. ಅಕ್ಕನ ಮಗಳ ಮದುವೆ ಗೊತ್ತಾಯ್ತು ನೋಡಿ, ಸರದಿ ನನಗೆ ಬಂತು. ನಮ್ಮ ಮನೆತನದಲ್ಲಿ ಮದುಮಗಳಿಗೆ ಬೀರು ಕೊಡಬೇಕಾದವನು ಸೋದರಮಾವ.

೧. ಕೂತು ನೋಡಿದವರು

ಅಕ್ಕ ಬೀರು ನೋಡೋಕೆ ಬಂದ ದಿನವೇ ಆಂಡಿಪಟ್ಟಿ ಕಡೆಯ ರೈತರೊಬ್ಬರು ಬಂದಿದ್ದರು. ಹೊಸ ಮಾದರಿಯ ಹಲಗೆಗೆ ಕಿವಿಯಿಟ್ಟು, ತೆಂಗಿನಕಾಯಿ ತಟ್ಟಿದಂಗೆ ತಟ್ಟಿದರು. ಹಳೇದನ್ನು ಎತ್ತೋಕೆ ನಾಲ್ಕು ಜನ ಬೇಕಿತ್ತು, ಇದಕ್ಕೆ ಇಬ್ಬರು ಸಾಕು ಅಂದ್ರೆ ಒಳಗಿಂದ ಏನು ಕದ್ದಿರಿ ಅಂತ ಕೇಳಿದರು. ನನಗೆ ರೋಷ ಬಂತು. ಕೆಳಗಿನ ಹಲಗೆ ಮೇಲೆ ಕೂತು ನೋಡಿ ಅಂದೆ. ಕೂತರು. ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನೇ ಟೀ ತರಿಸಿದೆ. ಅರ್ಧ ಗಂಟೆಯಾದ ಮೇಲೆ ಎದ್ದು ಹೇಳಿದರು:

"ಕೂರೋಕೆ ಚೆನ್ನಾಗದೆ. ಈಗ ಬಟ್ಟೆ ಇಡೋಕೆ ಒಂದು ತೋರ್ಸಿ."

೨. ನನಗೆ ನಾನೇ ಎದುರಾಳಿ

ಅಕ್ಕನ ಚಿಂತೆ ಒಂದೇ. ಕಂಬಂನಲ್ಲಿರೋ ಬೀಗರ ಮನೆಯ ಹಿರೀ ಸೊಸೆಗೆ ಅವಳ ಸೋದರಮಾವ ಕೊಟ್ಟ ಬೀರಿಗಿಂತ ನಮ್ಮದು ಕಮ್ಮಿ ಕಾಣಬಾರದು. ಗೋಡೆ ಅಳತೆ ತಗೊಳ್ಳೋಕೆ ಅಲ್ಲಿಗೆ ಹೋದೆ. ನೋಡಿದರೆ ಹತ್ತು ವರ್ಷದ ಹಿಂದೆ ನಾನೇ ಮಾರಿದ ಬೀರು! ದಪ್ಪ ಹಲಗೆ, ಹಿತ್ತಾಳೆ ಹಿಡಿ, ಕದದ ತುಂಬ ಕನ್ನಡಿ. ಬೀಗಿತಿ ಅದನ್ನು ಸವರಿ ಸವರಿ ಹೊಗಳಿದರು. ಈಗಿನವರ ಕೈಲಿ ಇಂಥದ್ದು ಆಗಲ್ಲ ಅಂದರು. ಅಮ್ಮಾ, ಇದು ನಮ್ಮಂಗಡಿಯದೇ ಅಂತ ಹೇಳಿಕೊಂಡೆ. ಅವರು ಹಿತ್ತಾಳೆ ಹಿಡಿಯನ್ನು ಸೆರಗಲ್ಲಿ ಒರೆಸುತ್ತಾ ಅಂದರು:

"ಆವಾಗ ನಿಮಗೆ ಕೆಲ್ಸದ ಮೇಲೆ ಭಕ್ತಿ ಇತ್ತು."

೩. ಮಂಟಪದಲ್ಲಿ

ಮದುಮಗಳು ಮಾತ್ರ ಹೊಸ ಮಾದರಿಯದೇ ಬೇಕು ಅಂತ ಹಟ ಹಿಡಿದಳು. ಹೊಸದಕ್ಕೆ ಹಿಡಿಯೇ ಇಲ್ಲ. ಕದವನ್ನು ಬೆರಳಲ್ಲಿ ಒತ್ತಿದರೆ ತಾನೇ ತೆರ್ಕೊಳ್ಳುತ್ತೆ. ಸೀರೆ ಸೆರಗು ಸಿಕ್ಕಿಹಾಕಿಕೊಳ್ಳಲ್ಲ. ಸರಿ, ಡಬ್ಬಗಳನ್ನು ನೇರ ಬೀಗರ ಮನೆಗೇ ಕಳಿಸೋಣ ಅಂದೆ. ಅಕ್ಕನ ಕಣ್ಣಲ್ಲಿ ನೀರು ಬಂತು.

"ಹಿರೀ ಸೊಸೆಗೆ ನಿಂತ ಬೀರು, ನನ್ ಮಗಳಿಗೆ ಮಡಿಚಿದ ಬೀರಾ ತಮ್ಮಾ?"

ಹಾಗಾದರೆ ಮಂಟಪದಲ್ಲೇ ಜೋಡಿಸಿ ನಿಲ್ಲಿಸ್ತೀನಿ ಅಂದೆ. ಮದುವೆ ದಿನ ಬೆಳಿಗ್ಗೆಯೇ ಮಂಟಪದ ಪಕ್ಕದಲ್ಲಿ ಬೀರು ಜೋಡಿಸೋಕೆ ಕೂತೆ. ಒಳಗಡೆ ಎರಡು ತಿರುಪು ಬಾಕಿ. ಹೊಸ ಪಂಚೆ ಮೇಲಕ್ಕೆ ಕಟ್ಟಿ ಒಳಗೆ ತೂರಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಖಾಲಿ ಬೀರು ತೆರೆದಿಡಬಾರದು ಅಂತ ಒಳಗೆ ನೋಡದೇ ಎರಡೂ ಕದ ಮುಚ್ಚಿಬಿಟ್ಟರು. ಹಿಂದೆಯೇ ಬೀಗರ ಕಡೆ ಹೆಂಗಸರ ದಂಡು ಬಂದು ನಿಂತಿತು. ಈಗ ಹೊರಬಂದರೆ ಮಾನ ಹೋಗುತ್ತೆ, ಅವರು ಹೋಗಲಿ ಅಂತ ಉಸಿರು ಬಿಗಿಹಿಡಿದು ಕೂತೆ.

ಹೊರಗೆ ಅಕ್ಕನ ದನಿ. ನನ್ನ ತಮ್ಮ ತನ್ನ ಕೈಯಾರೆ ಜೋಡಿಸಿದ್ದು, ತೇನಿ ಜಿಲ್ಲೆಯಲ್ಲೇ ಅವನಂಥ ಕೆಲಸಗಾರ ಇಲ್ಲ ಅಂತ ಹೇಳ್ತಿದ್ದಳು. ಹುಟ್ಟಿದಾಗಿಂದ ಅವಳ ಬಾಯಲ್ಲಿ ನಾನು ಇಂಥ ಮಾತು ಕೇಳಿರಲಿಲ್ಲ. ಕತ್ತಲಲ್ಲಿ ಕೂತೇ ಎದೆ ಉಬ್ಬಿತು, ಕಣ್ಣೂ ತುಂಬಿತು.

ಹೊಸ ಬೀರಿಗೆ ಅರಿಸಿನ ಕುಂಕುಮ ಹಚ್ಚೋದು ಪದ್ಧತಿ. ಬೀಗಿತಿ ಮುಂದೆ ಬಂದು ಕದದ ಮೇಲೆ ಹೆಬ್ಬೆರಳಲ್ಲಿ ಭಕ್ತಿಯಿಂದ, ಗಟ್ಟಿಯಾಗಿ ಒತ್ತಿದರು.

ಕದ ತೆರೆಯಿತು. ಒಳಗೆ ನಾನು, ಮಂಡಿ ಮಡಿಚಿ, ಕೈಯಲ್ಲಿ ಸ್ಕ್ರೂಡ್ರೈವರ್, ಕಣ್ಣಲ್ಲಿ ನೀರು.

ಅಕ್ಕನ ಮುಖ ಬಿಳಿಚಿಕೊಂಡಿತು. ಬೀಗಿತಿ ಮಾತ್ರ ಸಮಾಧಾನವಾಗಿ ನನ್ನ ಹಣೆಗೂ ಒಂದು ಕುಂಕುಮ ಇಟ್ಟು, ಅಕ್ಕನ ಕಡೆ ತಿರುಗಿದರು.

"ಹಿರೀ ಸೊಸೆ ಮಾಮ ಬೀರು ಕೊಟ್ಟು ಮನೆಗೆ ಹೋದ್ರು. ಇವ್ರು ಬೀರು ಜೊತೆ ನಮ್ಮನೆಗೇ ಬರೋ ಹಂಗದೆ. ನಿಮ್ದೇ ದೊಡ್ಡದು ಬಿಡಿ!"