ನಾನು ಅರ್ಧ ಗೌರ್ಮೆಂಟಾಗಿದ್ದ ಕಾಲ

ಬಣ್ಣ ಕಟ್ಟಿ ಮಾತಾಡುವುದು ನನಗೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆನೋ, ಬಿಡಿಸಿದರೋ ಎಂಬುದರ ಬಗ್ಗೆ ಮೇಷ್ಟರದು ಒಂದು ಅಭಿಪ್ರಾಯ, ನಮ್ಮವ್ವನದು ಇನ್ನೊಂದು. ಅದಿರಲಿ. ನೇರವಾಗಿ ಹೇಳಿಬಿಡುತ್ತೇನೆ: ಆರು ತಿಂಗಳ ಕಾಲ ನಾನು ಅರ್ಧ ಗೌರ್ಮೆಂಟಾಗಿದ್ದೆ. ಪೂರ್ತಿ ಗೌರ್ಮೆಂಟಾದವರನ್ನು ನೀವು ನೋಡಿರುತ್ತೀರಿ, ಹೋದಾಗಲೆಲ್ಲ ಊಟಕ್ಕೆ ಹೋಗಿರುತ್ತಾರೆ. ಪೂರ್ತಿ ಖಾಸಗಿಯವರನ್ನೂ ನೋಡಿರುತ್ತೀರಿ, ಬೆಳಗ್ಗೆ ಹೊಸೂರು ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿರುತ್ತಾರೆ. ಸೊಂಟದವರೆಗೆ ಗೌರ್ಮೆಂಟು, ಅಲ್ಲಿಂದ ಕೆಳಗೆ ಖಾಸಗಿ, ಇಂಥವನನ್ನು ನೋಡಿರಲಿಕ್ಕಿಲ್ಲ. ಅದು ನಾನು.

ಆಗಿದ್ದು ಇಷ್ಟು. ಗಡಿಯಾಚೆ ತಮಿಳು ಸೀಮೆಗೆ ಸೇರಿದ ನಮ್ಮ ಕೆಲಮಂಗಲದಲ್ಲಿ ಮುನಿರಾಜಣ್ಣನದು ಮೋಟ್ರು ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿಂದು, ಹಿಟ್ಟಿನ ಗಿರಣಿಯದು, ಮೇವು ಕತ್ತರಿಸುವ ಮಿಷಿನ್ನಿಂದು, ಸುಟ್ಟುಹೋದ ಯಾವ ಮೋಟ್ರು ತಂದರೂ ಒಳಗೆ ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಕೊಡುತ್ತಾನೆ. ಅಂಗಡಿಯಲ್ಲಿ ಅವನೊಬ್ಬನೇ. ಬೇಸಿಗೆ ಬಂದರೆ ಬಾಗಿಲ ತನಕ ಮೋಟ್ರು, ರಸ್ತೆಯ ತನಕ ಬೈಗುಳ. ಜೊತೆಗೊಬ್ಬ ಬೇಕು ಅವನಿಗೆ. ಆದರೆ ಕೆಲಸ ಗೊತ್ತಿದ್ದವರೆಲ್ಲ ಹೊಸೂರಿನ ಫ್ಯಾಕ್ಟರಿ ಸೇರಿಕೊಂಡಿದ್ದಾರೆ. ಗೊತ್ತಿಲ್ಲದವನನ್ನು ಇಟ್ಟುಕೊಂಡು, ಅವನಿಗೆ ಸಂಬಳವನ್ನೂ ಕೊಟ್ಟು, ಅವನು ಹಾಳು ಮಾಡುವ ತಾಮ್ರಕ್ಕೂ ದುಡ್ಡು ಸುರಿಯಲು ಅವನೇನು ಧರ್ಮಛತ್ರ ನಡೆಸುತ್ತಿರಲಿಲ್ಲ. ಇತ್ತ ನಾನು ಹೊಸೂರಿನ ಗೇಟುಗೇಟಿಗೂ ಹೋಗಿ ಬಂದಿದ್ದೆ. ಎಲ್ಲಾ ಕಡೆಯೂ ಒಂದೇ ಪ್ರಶ್ನೆ, ಎಕ್ಸ್‌ಪೀರಿಯನ್ಸ್ ಇದೆಯಾ? ಈಜು ಕಲಿತ ಮೇಲೆ ಬಾವಿಗೆ ಇಳಿ ಅನ್ನುವ ಜನ. ಎಲ್ಲಿ ಕಲಿಯುವುದು, ಹಾಸಿಗೆಯ ಮೇಲಾ?

ಆಗ ಬಂತು ಸ್ಕೀಮು. ಸಣ್ಣ ಅಂಗಡಿಯವನು ಏನೂ ಬಾರದವನನ್ನು ಇಟ್ಟುಕೊಂಡು ಕೆಲಸ ಕಲಿಸಿದರೆ ಆರು ತಿಂಗಳು ಅವನ ಸಂಬಳದಲ್ಲಿ ಅರ್ಧ ಸರ್ಕಾರ ಕೊಡುತ್ತದೆ. ಇದನ್ನು ಕೇಳಿದ ಕೂಡಲೇ ಮುನಿರಾಜಣ್ಣ ಹೇಳಿ ಕಳಿಸಿದ. ಹೋದೆ. ಮೇಲಿಂದ ಕೆಳಗೆ ನೋಡಿದ.

“ಏನೇನ್ ಬತ್ತದಲಾ ನಿಂಗೆ?”

“ಏನೂ ಬರಾಕಿಲ್ಲಣ್ಣ.”

“ಹಂಗಾದ್ರೆ ಸರಿ. ನಿನ್ನಂಥೋನ್ಗೇ ಅಂತೆ ಕಣ್ಲಾ ಸ್ಕೀಮು.”

ಜೀವನದಲ್ಲಿ ಮೊದಲ ಸಲ, ನನ್ನ ಹತ್ತಿರ ಇದ್ದ ಒಂದೇ ಒಂದು ಯೋಗ್ಯತೆಗೆ ಬೆಲೆ ಬಂತು.

ಕೆಲಸಕ್ಕೆ ಮುಂಚೆ ಕೃಷ್ಣಗಿರಿಯಲ್ಲಿ ತರಬೇತಿ. ಹೋಗಿ ನೋಡಿದರೆ ಮೋಟ್ರೂ ಇಲ್ಲ, ತಂತಿಯೂ ಇಲ್ಲ. ಒಂದು ಏಸಿ ರೂಮು, ಗೋಡೆಯ ಮೇಲೆ ಬೆಳಕು ಬಿಡುವ ಡಬ್ಬಿ, ಒಬ್ಬರು ಮೇಡಮ್ಮು. ಕೈ ಹೇಗೆ ಕುಲುಕಬೇಕು, ಕುರ್ಚಿಯಲ್ಲಿ ಹೇಗೆ ಕೂರಬೇಕು, ಟೈ ಹೇಗೆ ಕಟ್ಟಬೇಕು ಎಂದು ತಮಿಳಿನಲ್ಲಿ ಹೇಳಿ ಇಂಗ್ಲಿಷಿನಲ್ಲಿ ಮಾಡಿಸಿದರು. ನಮ್ಮಲ್ಲಿ ಒಬ್ಬ ಪಂಚರ್ ಅಂಗಡಿಗೆ ಸೇರುವವನು, ಇನ್ನೊಬ್ಬ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವವನು. ಇಬ್ಬರೂ ಕನ್ನಡಿ ಮುಂದೆ ನಿಂತು ಟೈ ಕಟ್ಟಿಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಾಕಿ ಎಷ್ಟೇ ಬೈದರೂ ನಗುತ್ತಿರಬೇಕು ಎಂಬುದು ಕೊನೆಯ ಪಾಠ. ಅದನ್ನು ಬಂದು ಮುನಿರಾಜಣ್ಣನಿಗೆ ಒಪ್ಪಿಸಿದೆ.

“ಮೋಟ್ರು ಸುಟ್ಕೊಂಡು ಬಂದಿರೋನ್ ಮುಂದೆ ನೀನು ನಕ್ಕು ನೋಡು” ಅಂದ. “ಅದೇ ಮೋಟ್ರು ಎತ್ತಿ ತಲೆ ಮ್ಯಾಕೆ ಹಾಕ್ತಾನೆ.”

ತರಬೇತಿಯಿಂದ ಮನೆಗೆ ಬಂದ ಒಂದೇ ವಸ್ತು, ಕೊರಳಿಗೆ ಹಾಕುವ ನೀಲಿ ಟ್ಯಾಗು. ತುದಿಯಲ್ಲಿ ಕಾರ್ಡು, ಕಾರ್ಡಿನಲ್ಲಿ ನನ್ನ ಫೋಟೋ, ಫೋಟೋ ಮೇಲೆ ಸರ್ಕಾರದ ಗೋಪುರದ ಮುದ್ರೆ. ತಿರುಗುವ ಮೋಟ್ರಿನ ಮುಂದೆ ಕೊರಳಲ್ಲಿ ದಾರ ನೇತುಹಾಕಿಕೊಂಡು ನಿಲ್ಲುವವನು ಬದುಕುವುದಿಲ್ಲ ಎಂದು ಇದನ್ನು ಕಂಡುಹಿಡಿದವನಿಗೆ ಯಾರೂ ಹೇಳಿರಲಿಲ್ಲ. ನನಗೆ ಇಂಥ ಒಡವೆ ಕಂಡರೆ ಆಗುವುದಿಲ್ಲ. ಅಂಗಡಿಯಲ್ಲಿ ಬಿಚ್ಚಿಟ್ಟೆ. ಬಸ್ಸಿನಲ್ಲಿ ಮಾತ್ರ ಹಾಕಿಕೊಳ್ಳುತ್ತಿದ್ದೆ, ಜೇಬಲ್ಲಿಟ್ಟರೆ ಮುರಿಯುತ್ತದಲ್ಲ, ಅದಕ್ಕೆ.

ಆ ಟ್ಯಾಗನ್ನು ನಮ್ಮೂರು ನೋಡಿತು. ಅಲ್ಲಿಗೆ ಕಥೆ ಕೆಟ್ಟಿತು. ನಮ್ಮ ಕಡೆ ಲೆಕ್ಕ ಸರಳ. ಸಂಬಳ ಯಾರು ಕೊಡುತ್ತಾರೋ ಅವರ ಆಳು. ಸರ್ಕಾರ ಅರ್ಧ ಕೊಡುತ್ತದೆ ಎಂದು ಅವ್ವನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವಳು ಊರಿಗೆ ಹೇಳುವಾಗ ಆ ಅರ್ಧ ಉದುರಿಹೋಯಿತು. ಬೆಳಗಾದರೆ ಬಾಗಿಲಲ್ಲಿ ಜನ. ಒಬ್ಬನಿಗೆ ಜಮೀನಿನ ಪಟ್ಟಾ ಬದಲಾಗಬೇಕು, ಒಬ್ಬಳಿಗೆ ಗಂಡನ ಪಿಂಚಣಿ ನಿಂತಿದೆ. “ನಾನು ಮೋಟ್ರು ರಿಪೇರಿ ಮಾಡೋನಮ್ಮ” ಅಂದರೆ, ಪಕ್ಕದ ಮನೆ ತಿಮ್ಮಕ್ಕ “ಇವ್ನೂ ಕಲ್ತ್‌ಬುಟ್ಟ ನೋಡ್ರೇ, ನನ್ನ ಕೆಲ್ಸ ಅಲ್ಲ ಅನ್ನೋದ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅವ್ವ ಅಲ್ಲಿಗೇ ನಿಲ್ಲಿಸಲಿಲ್ಲ. ಅಂಚೆಟ್ಟಿ ದಾಟಿ ಕಾಡಂಚಿನಲ್ಲಿರುವ ನಾಟ್ರಾಂಪಾಳ್ಯದ ಮಾದಪ್ಪನಿಗೆ ಒಬ್ಬಳು ಮಗಳು. ಮಗನಿಗೆ ಗೌರ್ಮೆಂಟು ಎಂದು ಅಲ್ಲಿಗೂ ಸುದ್ದಿ ಮುಟ್ಟಿಸಿದಳು. ಹುಡುಗಿಯನ್ನು ನಾನು ನೋಡುವ ಮುಂಚೆ ಅವಳ ಅಪ್ಪ ನನ್ನನ್ನು ನೋಡಲು ಸೀದಾ ಅಂಗಡಿಗೇ ಬಂದ, ಅವ್ವನ ಜೊತೆ. ನಾನು ಅಂಡಿನ ಮೇಲೆ ಕೂತು, ಮೊಳಕೈ ತನಕ ಮಸಿ ಮಾಡಿಕೊಂಡು ತಂತಿ ಕೀಳುತ್ತಿದ್ದೆ.

ಮಾದಪ್ಪ ಒಳಗೆಲ್ಲ ಕಣ್ಣಾಡಿಸಿದ. “ಆಫೀಸು ಎಲ್ಲೈತಮ್ಮ?”

ಅವ್ವ ಒಂದು ಕ್ಷಣವೂ ತಡವರಿಸಲಿಲ್ಲ. “ಇದು ಫೀಲ್ಡ್ ವರ್ಕು ಕಣಣ್ಣ.”

ಆ ಮಾತು ಅವಳು ಎಲ್ಲಿ ಕಲಿತಳೋ ದೇವರಿಗೇ ಗೊತ್ತು. ಏಸಿ ರೂಮಿಗೆ ನನ್ನ ಬದಲು ಅವಳನ್ನೇ ಕಳಿಸಬೇಕಿತ್ತು.

ಈ ನಡುವೆ ಕೆಲಸವನ್ನೂ ಕಲಿಯುತ್ತಿದ್ದೆ. ಕಲಿಯುವುದು ಅಂದರೆ ನನ್ನ ಮಟ್ಟಿಗೆ ಕೆಡಿಸುವುದು. ತಂತಿ ಎಳೆದರೆ ತುಂಡಾಯಿತು, ಎಳೆಯದಿದ್ದರೆ ಸಡಿಲವಾಯಿತು. ಕೊನೆಗೊಂದು ದಿನ ಒಬ್ಬನೇ ಒಂದು ಮೋಟ್ರು ಸುತ್ತಿ ಮುಗಿಸಿದೆ. ಅದು ದನ ಸಾಕಿದ್ದ ಒಬ್ಬ ರೈತನ ಮೇವು ಕತ್ತರಿಸುವ ಮಿಷಿನ್ನಿಂದು. ನಾನೇ ಹೋಗಿ ಕೂರಿಸಿದೆ. ಸ್ವಿಚ್ಚು ಹಾಕಿದೆ. ಗುಂಯ್ ಎಂದು ತಿರುಗಿತು. ನನ್ನ ತಲೆಯೂ ತಿರುಗಿತು. ರೈತ ಜೋಳದ ದಂಟಿನ ಕಟ್ಟು ಬಾಯಿಗೆ ಕೊಟ್ಟ. ಮಿಷಿನ್ನು ಅದನ್ನು ಮೂಸಿ ನೋಡಿದ ಹಾಗೆ ಮಾಡಿ, ಅಷ್ಟನ್ನೂ ಅವನ ಎದೆ ಮೇಲೆ ವಾಪಸ್ಸು ಎಸೆಯಿತು. ವೈರು ಅದಲುಬದಲಾಗಿ ಮೋಟ್ರು ಹಿಂದುಮುಂದಾಗಿ ತಿರುಗುತ್ತಿತ್ತು. ಅವನು ಮೈಮೇಲಿನ ದಂಟು ಕೊಡವಿಕೊಂಡು, ಬಸ್ಸಿಳಿದ ಮೇಲೆ ನಾನು ಬಿಚ್ಚಲು ಮರೆತಿದ್ದ ಕೊರಳಿನ ಟ್ಯಾಗು ನೋಡಿದ.

“ಗೌರ್ಮೆಂಟು ಇಸ್ಕೊಂಡಿದ್ದನ್ನ ವಾಪಸ್ ಕೊಟ್ಟಿದ್ದು ನನ್ ಜನ್ಮದಾಗೆ ಇದೇ ಮೊದ್ಲು ಕಣಪ್ಪ” ಅಂದ.

ಮುನಿರಾಜಣ್ಣ ಬಂದು ಎರಡು ವೈರು ಬದಲಿಸಿ ಸರಿಮಾಡಿದ. ಬರುವಾಗ ದಾರಿಯುದ್ದಕ್ಕೂ ಬೈದ. ತಮಿಳಿನಲ್ಲಿ ಶುರುಮಾಡಿ ತೆಲುಗಿನಲ್ಲಿ ಜೋರು ಮಾಡಿ ಕನ್ನಡದಲ್ಲಿ ಮುಗಿಸಿದ. ಮನೆಯ ಭಾಷೆಯಲ್ಲಿ ಬೈದಾಗಲೇ ನಾಟುವುದು. ಆದರೆ ಮಾರನೆಯ ದಿನ ಇನ್ನೊಂದು ಮೋಟ್ರು ನನ್ನ ಮುಂದೆಯೇ ಇಟ್ಟ. ಕೈಯಿಂದ ಸಂಬಳ ಪೂರ್ತಿ ಹೋಗುತ್ತಿದ್ದರೆ ಇಡುತ್ತಿದ್ದನಾ? ಅವತ್ತೇ ಬಾಗಿಲು ತೋರಿಸುತ್ತಿದ್ದ. ಸರ್ಕಾರ ಕೊಡುವ ಅರ್ಧ ನನ್ನ ಕೆಲಸಕ್ಕಲ್ಲ, ನನ್ನ ತಪ್ಪುಗಳಿಗೆ ಎಂದು ನನಗೆ ಹೊಳೆದದ್ದು ಆಗ. ಇದನ್ನು ಕೃಷ್ಣಗಿರಿಯಲ್ಲಿ ಯಾರೂ ಹೇಳಿರಲಿಲ್ಲ. ಅಲ್ಲಿ ಟೈ ಕಟ್ಟುತ್ತಿದ್ದರು.

ಸ್ಕೀಮು ನೋಡಿಕೊಳ್ಳುವ ಆಫೀಸಿನ ಸಾರು ಒಬ್ಬರು ಆಗಾಗ ಬೈಕಿನಲ್ಲಿ ಬರುತ್ತಿದ್ದರು, ಫೋಟೋಗೆ. ನಾನು ವಾರ್ನಿಷ್ ಹಚ್ಚುತ್ತಿದ್ದರೆ ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಕೈಗೆ ದೊಡ್ಡ ಸ್ಪ್ಯಾನರ್ ಕೊಟ್ಟು ನಗಿಸುತ್ತಿದ್ದರು. ಸರ್ಕಾರದ ಕಡತದಲ್ಲಿ ನಾನು ಇವತ್ತಿಗೂ ಆ ಸ್ಪ್ಯಾನರ್ ಹಿಡಿದು, ಎದುರಿಗೆ ಬಿಚ್ಚಲು ಏನೂ ಇಲ್ಲದೆ, ನಗುತ್ತಾ ನಿಂತಿದ್ದೇನೆ.

ಆರನೇ ತಿಂಗಳು ಹತ್ತಿರ ಬಂದಂತೆ ನನ್ನ ನಗು ಒಣಗಿತು. ಗಡುವು ಮುಗಿದ ಮೇಲೆ ಇಟ್ಟುಕೊಳ್ಳಲೇಬೇಕು ಎಂದೇನಿಲ್ಲ. ನಮ್ಮ ಅಂಗಡಿಯ ಬೀದಿಯಲ್ಲೇ ಒಬ್ಬ ಪ್ಲೈವುಡ್ ಅಂಗಡಿಯವನಿದ್ದ. ಅವನು ಆರು ತಿಂಗಳಿಗೊಮ್ಮೆ ಆಳು ಬದಲಾಯಿಸುತ್ತಿದ್ದ, ಕ್ಯಾಲೆಂಡರ್ ಬದಲಾಯಿಸಿದ ಹಾಗೆ. ಹಳಬನಿಗೆ ಟಾಟಾ, ಹೊಸಬನಿಗೆ ಮತ್ತೆ ಅರ್ಧ ಸರ್ಕಾರದ್ದು. ಅವನ ಅಂಗಡಿಯಲ್ಲಿ ಯಾರಿಗೂ ಕೆಲಸ ಬರುತ್ತಿರಲಿಲ್ಲ, ಬರುವಷ್ಟರಲ್ಲಿ ಹೋಗಿರುತ್ತಿದ್ದರು. ಅವನು ಮುನಿರಾಜಣ್ಣನ ಜೊತೆ ಟೀ ಕುಡಿಯಲು ಶುರುಮಾಡಿದಾಗ ನನಗೆ ಅನ್ನ ಇಳಿಯಲಿಲ್ಲ. ಮತ್ತೆ ಹೊಸೂರಿನ ಗೇಟು, ಮತ್ತೆ ಅದೇ ಪ್ರಶ್ನೆ. ಆರು ತಿಂಗಳ ಎಕ್ಸ್‌ಪೀರಿಯನ್ಸ್ ಎಂದರೆ ಸೆಕ್ಯೂರಿಟಿಯವನು ಇನ್ನೂ ಜೋರಾಗಿ ನಗುತ್ತಾನೆ.

ಕೊನೆಗೆ ಸ್ಕೀಮಿನ ಸಾರು ಬಂದರು. ನಾನು ಒಳಗೆ ಮೋಟ್ರಿಗೆ ತಲೆ ತೂರಿಸಿದ್ದೆ, ಕಿವಿ ಮಾತ್ರ ಹೊರಗೆ. ಇವನದು ಮುಗಿಯಿತು, ಹೊಸಬನನ್ನು ಕಳಿಸಲಾ ಎಂದು ತಮಿಳಿನಲ್ಲಿ ಕೇಳಿದರು. ಟೀಗೆ ಬಂದಿದ್ದ ಪ್ಲೈವುಡ್ಡಿನವನು “ಕಳ್ಸಿ ಸಾರ್, ಕಳ್ಸಿ” ಎಂದು ಮುನಿರಾಜಣ್ಣನ ಪರವಾಗಿ ತಾನೇ ಒಪ್ಪಿಬಿಟ್ಟ.

ಮುನಿರಾಜಣ್ಣ ಬೀಡಿ ಆರಿಸಿದ. “ಇವ್ನು ಮಾಡ್ಬೇಕಾದ್ ತಪ್ಪೆಲ್ಲಾ ಮಾಡಿ ಆಗೋಯ್ತು ಸಾರ್. ಹೊಸಬ ಬಂದ್ರೆ ಮತ್ತೆ ಮೊದ್ಲಿಂದ ಮಾಡ್ತಾನೆ. ದುಡ್ಡು ನೀವ್ ಕೊಡ್ತೀರ, ನನ್ ಬಿಪಿಗೆ ಮಾತ್ರೆ ಯಾರ್ ಕೊಡ್ತಾರೆ? ಇವ್ನೇ ಇರ್ಲಿ, ಪೂರ್ತಿ ಸಂಬಳ ನಾನೇ ಕೊಡ್ತೀನಿ. ಈಗ ಇಬ್ರು ಇದ್ದೀವಿ, ಮೋಟ್ರು ಬಾಗ್ಲಲ್ಲಿ ನಿಲ್ತಾ ಇಲ್ಲ. ನಿಮ್ ಸ್ಕೀಮಿಗೆ ಪುಣ್ಯ ಬರ್ಲಿ.” ಆಮೇಲೆ ಒಳಗೆ ತಿರುಗಿ, “ಏ ಮಂಜ, ಕೇಳಿಸ್ಕೊಂಡಿದ್ ಸಾಕು, ಆಚೆಗೆ ಬಾರ್ಲಾ!” ಅಂದ.

ಸಾರು ನನ್ನ ಕೈ ಕುಲುಕಿದರು. ಮೇಡಮ್ಮು ಕಲಿಸಿದ ಹಾಗೇ ಕುಲುಕಿದೆ, ವಾರ್ನಿಷ್ ಸಮೇತ. ಟ್ಯಾಗು ವಾಪಸ್ಸು ಕೊಡಬೇಕು ಎಂದರು. ಕಳೆದುಹೋಯಿತು ಎಂದೆ.

ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಹೋದೆ. “ಅವ್ವಾ, ಪರ್ಮನೆಂಟ್ ಆಯ್ತು. ಇನ್ಮೇಲೆ ಸರ್ಕಾರ ಇಲ್ಲ, ಪೂರ್ತಿ ಮುನಿರಾಜಣ್ಣಂದೇ.” ಅವ್ವ ಸೆರಗು ಬಾಯಿಗಿಟ್ಟುಕೊಂಡು ಹೊಸ್ತಿಲ ಮೇಲೆ ಕುಸಿದಳು. “ಗೌರ್ಮೆಂಟ್ ಕೆಲ್ಸ ಕಳ್ಕೊಂಬುಟ್ಟು ಸಿಹಿ ಬೇರೆ ತಂದವ್ನಲ್ಲಪ್ಪಾ!” ಗೋಡೆಯಾಚೆಯಿಂದ ತಿಮ್ಮಕ್ಕ ಓಡಿ ಬಂದಳು. ದನಿ ತಗ್ಗಿಸಿ, “ಯಾಕವ್ವ ತಗ್ದ್‌ಬುಟ್ರು? ಲಂಚ ಗಿಂಚ ಏನಾರ...?” ಅಂದಳು. ಅವ್ವ ಮೂಗು ಒರೆಸಿಕೊಂಡು, “ಅಷ್ಟು ಬುದ್ಧಿ ಎಲ್ಲೈತೆ ಇವ್ನಿಗೆ” ಅಂದಳು. ಇಬ್ಬರೂ ಸೇರಿ ಮೈಸೂರುಪಾಕು ತಿಂದು, ಇನ್ನಷ್ಟು ಅತ್ತರು. ಸುದ್ದಿ ಊರು ಸುತ್ತಿತು. ಪಟ್ಟಾದವನು, ಪಿಂಚಣಿಯವಳು ಎಲ್ಲರೂ ನನ್ನನ್ನು ಬಿಟ್ಟರು. ಮಾದಪ್ಪನ ಕಡೆಯಿಂದಲೂ ಹೆಣ್ಣಿನ ಮಾತು ನಿಂತಿತು. ಒಬ್ಬ ಮುದುಕ ಬಸ್‌ಸ್ಟಾಪಿನಲ್ಲಿ, “ಹೋಗ್ಲಿ ಬುಡು ಮಗಾ, ಎಲೆಕ್ಷನ್ ಬಂದ್ರೆ ವಾಪಸ್ ತಕ್ಕೊಂತಾರೆ” ಎಂದು ಬೆನ್ನು ತಟ್ಟಿದ. ತಿಳುವಳಿಕೆ ಇಲ್ಲದ ಜನ. ಕೆಲಸ ಕಾಯಂ ಆದದ್ದಕ್ಕೆ ಹಿಗ್ಗಿದವರಿಲ್ಲ, ಸ್ಕೀಮು ಹೋದದ್ದಕ್ಕೆ ಊರೆಲ್ಲ ಸೂತಕ.

ಮೊನ್ನೆ ಅಂಗಡಿ ಮುಂದೆ ಆಟೋ ನಿಂತಿತು. ಇಳಿದವನು ನಾಟ್ರಾಂಪಾಳ್ಯದ ಮಾದಪ್ಪ, ಜೊತೆಗೆ ಸುಟ್ಟುಹೋದ ಬೋರ್‌ವೆಲ್ ಮೋಟ್ರು. ಅಷ್ಟು ದೂರದಿಂದ ಹೊತ್ತು ತಂದಿದ್ದ; ನಾನು ಇಳಿಸಿಕೊಂಡೆ, ಬಿಚ್ಚಿದೆ, ನಾಳಿದ್ದು ಕೊಡುತ್ತೇನೆ ಎಂದೆ. ಅವನು ನನ್ನ ಕೈಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದ. ಹಿಂದೆ ಮುನಿರಾಜಣ್ಣ ಕೆಮ್ಮಿದ.

“ಕೆಲ್ಸ ಕಲ್ತಿದ್ದೀಯ” ಅಂದ ಮಾದಪ್ಪ. “ಜನ ಏನೇನೋ ಅಂತಾರೆ. ನೀನೇ ಹೇಳಪ್ಪ. ಈಗ ನೀನು ಗೌರ್ಮೆಂಟೋ, ಅಲ್ವೋ?”

ಮೊದಲೇ ಹೇಳಿದೆನಲ್ಲ, ಬಣ್ಣ ಕಟ್ಟುವುದು ನನಗೆ ಬರುವುದಿಲ್ಲ. “ಅಲ್ಲ” ಎಂದು ಬಾಯಿ ನೇರವಾಗಿಯೇ ಹೇಳಿತು. ಆದರೆ ಅಷ್ಟರಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಬಲಗೈ ಅಂಗಿಯ ಒಳಗೆ ಹೋಗಿ ನೀಲಿ ಟ್ಯಾಗನ್ನು ಹೊರಗೆ ಎಳೆದು, ಗೋಪುರದ ಮುದ್ರೆ ಕಾಣುವ ಹಾಗೆ ಎದೆ ಮೇಲೆ ನೇರ ಮಾಡಿತ್ತು.